ಚೀಲದ ಹೊಲಿಗೆ ಬಿಚ್ಚುವವರು ಯಾರು? ಮಾಡ್‌ಸೆಕ್ಯುರಿಟಿ, ಕ್ಲೌಡ್‌ಫ್ಲೇರ್ ಎರಡನ್ನೂ ಬಳಸಿ ನೋಡಿದೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಒಂದು ಸಂಘದ ವೆಬ್‌ಸೈಟ್ ನೋಡಿಕೊಳ್ಳೋದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಇವುಗಳ ದಿನದ ಧಾರಣೆ ಒಂದು ಪುಟದಲ್ಲಿ ಬರುತ್ತದೆ. ಇನ್ನೊಂದು ಪುಟದಲ್ಲಿ ಸದಸ್ಯರು ಲಾಗಿನ್ ಆಗಿ ಲಾಟಿನ ವಿವರ, ಬ್ಯಾಂಕ್ ಖಾತೆ ನಂಬರ್ ತುಂಬುತ್ತಾರೆ. ಒಂದು ದಿನ ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡುತ್ತಿದ್ದಾಗ ಎದೆ ಧಸಕ್ಕೆಂದಿತು. ಹುಡುಕುವ ಜಾಗದಲ್ಲಿ ಊರಿನ ಹೆಸರಿನ ಬದಲು ಯಾರೋ ಡೇಟಾಬೇಸಿಗೆ ಕೊಡುವ ಆಜ್ಞೆಗಳನ್ನು ತುಂಬಿ ಕಳಿಸುತ್ತಿದ್ದರು.

ಸರ್ವರಿನಲ್ಲಿ ಫೈರ್‌ವಾಲ್ ಮೊದಲೇ ಇತ್ತು. ಆದರೆ ಅದು ನೋಡೋದು ಯಾವ ವಿಳಾಸದಿಂದ ಬಂತು, ಯಾವ ಪೋರ್ಟಿಗೆ ಹೋಗ್ತಿದೆ ಅನ್ನೋದನ್ನು ಮಾತ್ರ. ವೆಬ್‌ಸೈಟಿಗೆ ಬರುವವರ ಬಾಗಿಲಾದ 443ನೇ ಪೋರ್ಟ್ ಎಲ್ಲರಿಗೂ ತೆರೆದಿರಲೇಬೇಕು, ಅಲ್ವಾ? ಮಂಡಿಯಲ್ಲಿ ಚೀಲದ ಮೇಲಿನ ನಂಬರ್ ನೋಡಿ ಒಳಗೆ ಬಿಟ್ಟ ಹಾಗೆ. ನನಗೆ ಬೇಕಿದ್ದದ್ದು ಹೊಲಿಗೆ ಬಿಚ್ಚಿ, ತಳದವರೆಗೆ ಕೈ ಹಾಕಿ, ಒಂದು ಹಿಡಿ ಅಡಿಕೆ ತೆಗೆದು ನೋಡುವವರು. ಇಂಥ ಕಾವಲಿಗೆ ವೆಬ್ ಅಪ್ಲಿಕೇಶನ್ ಫೈರ್‌ವಾಲ್ ಅನ್ನುತ್ತಾರೆ. ಅಂಥ ಎರಡನ್ನು ಬಳಸಿ ನೋಡಿದೆ.

ಮೊದಲನೆಯದು ಮಾಡ್‌ಸೆಕ್ಯುರಿಟಿ. 2002ರಲ್ಲಿ ಇವಾನ್ ರಿಸ್ಟಿಚ್ ಶುರು ಮಾಡಿದ್ದು, 2024ರಿಂದ ವೆಬ್ ಸುರಕ್ಷತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ ಕೈಯಲ್ಲಿದೆ. ನಮ್ಮ ಸರ್ವರಿನ ಒಳಗೇ ಕೂರುತ್ತದೆ. ಬ್ರೌಸರಿನಿಂದ ಬಂದ ಗೂಢಲಿಪಿಯನ್ನು (ಎನ್‌ಕ್ರಿಪ್ಷನ್) ವೆಬ್ ಸರ್ವರ್ ಬಿಚ್ಚಿದ ಮೇಲೆ ಕೋರಿಕೆಯ (ರಿಕ್ವೆಸ್ಟ್) ಹೆಡರ್ ಅಂದರೆ ತಲೆಬರಹದ ವಿವರ, ಒಳಗಿನ ಬರಹ, ಉತ್ತರದ ಹೆಡರ್, ಉತ್ತರದ ಬರಹ ಎಲ್ಲವನ್ನೂ ಹಂತ ಹಂತವಾಗಿ ನೋಡುತ್ತದೆ. ಜೊತೆಗೆ ಹಾಕುವ ಕೋರ್ ರೂಲ್ ಸೆಟ್ ಎಂಬ ಸಿದ್ಧ ರೂಲ್‌ಗಳ ಕಟ್ಟು ಅಂಕ ಕೊಡುತ್ತಾ ಹೋಗುತ್ತದೆ. ಗಂಭೀರ ತಪ್ಪಿಗೆ 5 ಅಂಕ. ಕೋರಿಕೆಯ ಒಟ್ಟು ಅಂಕ 5 ಮುಟ್ಟಿದರೆ ಬಾಗಿಲು ಬಂದ್. ಅಂಕವನ್ನು ನಾವು ಬದಲಿಸಬಹುದು, ಆದರೆ ಬರುವಾಗ ಹೀಗೇ ಇರುತ್ತದೆ.

ಎಷ್ಟು ಬಿಗಿ ಬೇಕು ಅನ್ನೋದಕ್ಕೆ 1ರಿಂದ 4ರವರೆಗೆ ಪ್ಯಾರನೋಯಾ ಲೆವೆಲ್ ಇದೆ. ಜಾಸ್ತಿ ಇದ್ದಷ್ಟು ಒಳ್ಳೇದು ಅಂತ ನಾನು 3 ಇಟ್ಟೆ. ಮರುದಿನ ಬೆಳಿಗ್ಗೆಯೇ ಆಗುಂಬೆ ಕಡೆಯ ಹಿರಿಯರೊಬ್ಬರ ಫೋನ್: "ಹೋಯ್ ತಮ್ಮಾ, ಎಷ್ಟು ಸಲ ಒತ್ತಿದ್ರೂ 403 ಅಂತ ಬರ್ತದಲ್ಲ ಮಾರಾಯ, ನಂದೇನು ತಪ್ಪು?"

403 ಅಂದರೆ ಸರ್ವರ್ ಒಳಗೆ ಬಿಡಲಿಲ್ಲ ಅಂತ. ಅವರದೇನೂ ತಪ್ಪಿರಲಿಲ್ಲ. ಲಾಗ್ ತೆಗೆದರೆ 920272ನೇ ರೂಲ್. ಅದು ಒಪ್ಪುವುದು 32ರಿಂದ 126ರವರೆಗಿನ ಬೈಟ್‌ಗಳನ್ನು (ಅಕ್ಷರವನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಅಂಕಿಗಳು) ಮಾತ್ರ, ಅದರಲ್ಲೂ 37 ಬಿಟ್ಟು. ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಅಷ್ಟೇ. ನಮ್ಮ 'ಅ' ಕಂಪ್ಯೂಟರಿಗೆ ಮೂರು ಬೈಟ್: 224, 178, 133. ಮೂರೂ ಗೆರೆ ದಾಟಿದವು. 'ಅಡಿಕೆ' ಅಂತ ಬರೆದವರೆಲ್ಲ ಆ ರೂಲಿನ ಲೆಕ್ಕದಲ್ಲಿ ಕಳ್ಳರೇ. ಕನ್ನಡದಲ್ಲಿ ಫಾರಂ ತುಂಬಿಸಿಕೊಳ್ಳುವ ಸೈಟ್ ನಡೆಸುವವರು ಇದನ್ನು ಮೊದಲೇ ತಿಳಿದಿರಬೇಕು. ನಮ್ಮ ಭಾಷೆಯಲ್ಲಿ ಬರೆದ ತಪ್ಪಿಗೆ ಯಾರೂ ಬಾಗಿಲಲ್ಲಿ ನಿಲ್ಲಬಾರದು.

ಲೆವೆಲ್ 2ಕ್ಕೆ ಇಳಿಸಿ, ತಡೆಯದೆ ಬರೀ ಲಾಗ್ ಬರೆಯುವ ಹಾಗೆ ಎರಡು ವಾರ ಬಿಟ್ಟೆ. ಆಗ ಇನ್ನೊಂದು ಕಂಡಿತು. ಒಬ್ಬರು ಷರಾ ಜಾಗದಲ್ಲಿ "ರಾಶಿ -- 2 ಚೀಲ" ಅಂತ ಬರೆದಿದ್ದರು. ಎರಡು ಅಡ್ಡಗೆರೆ, ಪಕ್ಕದಲ್ಲಿ ಜಾಗ. ಡೇಟಾಬೇಸ್ ಭಾಷೆಯಲ್ಲಿ ಅದು ಟಿಪ್ಪಣಿಯ ಗುರುತು, ದಾಳಿಕೋರರು ಬಳಸುವಂಥದ್ದು. 942440ನೇ ರೂಲ್ ಹಿಡಿದಿತ್ತು. ಷರಾ ಜಾಗಕ್ಕೆ ಮಾತ್ರ ಆ ರೂಲ್ ಬೇಡ ಅಂತ ಒಂದು ಸಾಲು ಬರೆದೆ, ಸರಿಯಾಯಿತು. ಮಾಡ್‌ಸೆಕ್ಯುರಿಟಿ ನನಗೆ ಹಿಡಿಸಿದ್ದು ಇದಕ್ಕೇ. ಯಾವ ರೂಲ್, ಯಾವ ಜಾಗ, ಯಾವ ತುಣುಕು ಎಲ್ಲಾ ಬಾಯಿಬಿಟ್ಟು ಹೇಳುತ್ತದೆ.

ಎರಡನೆಯದು ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಸೇವೆ, ಅದರ ದಾರಿ ಬೇರೆ. ನೇಮ್‌ಸರ್ವರ್ (ಸೈಟಿನ ಹೆಸರಿಗೆ ವಿಳಾಸ ಹೇಳುವ ಸರ್ವರ್) ಬದಲಿಸಿದರೆ ಕೋರಿಕೆಗಳು ಮೊದಲು ಅವರಲ್ಲಿಗೆ ಹೋಗಿ ಆಮೇಲೆ ನಮ್ಮಲ್ಲಿಗೆ ಬರುತ್ತವೆ. ಒಂದೇ ಸಂಜೆಯಲ್ಲಿ ಮುಗಿಯಿತು. ಆದರೆ ನಾನು ನೋಡಿದ್ದು ಉಚಿತ ಪ್ಲಾನ್. ಅದರಲ್ಲಿರೋದು ಜಗತ್ತಿಗೇ ಗೊತ್ತಾದ ದೊಡ್ಡ ತೂತುಗಳನ್ನು ಮುಚ್ಚುವ ಚಿಕ್ಕ ರೂಲ್ ಕಟ್ಟು, ಜೊತೆಗೆ ನಾವೇ ಬರೆದುಕೊಳ್ಳುವ ಐದು ರೂಲ್. ಪೂರ್ತಿ ಕಟ್ಟಿಗೆ ದುಡ್ಡು ಕೊಡಬೇಕು. ಆ ಐದು ರೂಲ್‌ಗಳೂ ವಿಳಾಸ, ಹೆಡರ್ ನೋಡುತ್ತವೆಯೇ ಹೊರತು ಫಾರಂ ಒಳಗೆ ಕೈ ಹಾಕುವುದಿಲ್ಲ.

ಗೆಲ್ಲುವ ಜಾಗವೂ ಇದೆ. ಪ್ರವಾಹದ ಹಾಗೆ ನುಗ್ಗುವ ಕೋರಿಕೆಗಳನ್ನು ನಮ್ಮ ಪುಟ್ಟ ಸರ್ವರ್ ತಡೆಯಲಾರದು. ಅವರು ದೂರದಲ್ಲೇ ತಡೆಯುತ್ತಾರೆ, ಉಚಿತ ಪ್ಲಾನಿನಲ್ಲೂ. ಆಷಾಢದ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅಂದರೆ ನಾನು ಏನು ನೋಡಿಕೊಳ್ಳಲಿ? ಆಗ ಅದು ದೊಡ್ಡ ಧೈರ್ಯ. ಒಂದು ಎಚ್ಚರಿಕೆ: ನಮ್ಮ ಸರ್ವರಿನ ಹಳೇ ವಿಳಾಸ ಗೊತ್ತಿರುವವರು ನೇರ ಬರಬಹುದು. ಕ್ಲೌಡ್‌ಫ್ಲೇರ್ ವಿಳಾಸಗಳಿಗೆ ಮಾತ್ರ 443 ತೆರೆಯಬೇಕು. ಅದಕ್ಕೆ ಆ ಹಳೇ ಫೈರ್‌ವಾಲೇ ಸಾಕು.

ಕೊನೆಗೆ ನನ್ನನ್ನು ಕಾಡಿದ್ದು ಹೊಲಿಗೆಯ ಪ್ರಶ್ನೆ. ಚೀಲ ಬಿಚ್ಚದೆ ಯಾರೂ ಒಳಗೆ ನೋಡಲಾರರು. ಕ್ಲೌಡ್‌ಫ್ಲೇರಿನಲ್ಲಿ ಗೂಢಲಿಪಿ ಬಿಚ್ಚುವುದು ಅವರ ಯಂತ್ರದಲ್ಲಿ, ಆ ಕೆಲಸ ನಡೆಯುವುದೇ ಹಾಗೆ. ಧಾರಣೆ ಪುಟಕ್ಕೆ ಅದರಿಂದ ತೊಂದರೆಯಿಲ್ಲ, ಊರಿಗೆಲ್ಲ ಕಾಣಲಿ ಅಂತಲೇ ಹಾಕೋದು. ಸದಸ್ಯರ ಖಾತೆ ನಂಬರಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಧಾರಣೆ ಪುಟವನ್ನು ಬೇರೆ ಚಿಕ್ಕ ಸರ್ವರಿಗೆ ಸಾಗಿಸಿ ಕ್ಲೌಡ್‌ಫ್ಲೇರ್ ಹಿಂದೆ ಇಟ್ಟೆ. ಸದಸ್ಯರ ಫಾರಂ ಮಾಡ್‌ಸೆಕ್ಯುರಿಟಿ ಜೊತೆ ನಮ್ಮಲ್ಲೇ ಉಳಿಯಿತು.

ನಮ್ಮಲ್ಲೇ ಬಿಚ್ಚಿದರೂ ಕಣ್ಣಿಡಬೇಕಾದ ಜಾಗ ಒಂದಿದೆ. ಮಾಡ್‌ಸೆಕ್ಯುರಿಟಿಯ ಆಡಿಟ್ ಲಾಗಿನಲ್ಲಿ 'ಸಿ' ಅನ್ನುವ ಭಾಗ ಇದ್ದರೆ ಕೋರಿಕೆಯ ಒಳಗಿನ ಬರಹ ಪೂರ್ತಿ ಫೈಲಿಗೆ ಇಳಿಯುತ್ತದೆ, ಪಾಸ್‌ವರ್ಡ್ ಸಮೇತ. ಅದನ್ನು ನೋಡಿದ ದಿನವೇ 'ಸಿ' ತೆಗೆದೆ, ಹಳೇ ಫೈಲುಗಳನ್ನೂ ಅಳಿಸಿದೆ. ಸಿಕ್ಕಿಬಿದ್ದ ತುಣುಕು ಹೇಗೂ 'ಎಚ್' ಭಾಗದಲ್ಲಿ ಬರುತ್ತದೆ.