ಸಾಕ್ಷಿಯ ನೆನಪನ್ನೇ ತನಿಖೆಗೆ ಒಡ್ಡುವ ಕೋರ್ಸ್

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ತನ್ನ ಓಪನ್‌ಲರ್ನ್ ಜಾಲತಾಣದಲ್ಲಿ ಉಚಿತವಾಗಿ ನೀಡುವ ‘ಫೊರೆನ್ಸಿಕ್ ಸೈಕಾಲಜಿ’ (ಅಪರಾಧ ತನಿಖೆಗೆ, ನ್ಯಾಯದಾನಕ್ಕೆ ನೆರವಾಗುವ ಮನೋವಿಜ್ಞಾನ) ಎಂಟು ವಾರಗಳ ಕೋರ್ಸ್. ಸರಣಿ ಹಂತಕರ ಮನಸ್ಸನ್ನು ಬಗೆಯುವ ರೋಚಕತೆ ಬಯಸಿದವರಿಗೆ ಇದು ನಿರಾಸೆ ತಂದೀತು. ಇಲ್ಲಿ ಒರೆಗೆ ಹಚ್ಚುವುದು ಪ್ರತ್ಯಕ್ಷದರ್ಶಿಯ ನೆನಪನ್ನು.

ಒಂದೇ ಪ್ರಕರಣವನ್ನು ಒಬ್ಬ ಪತ್ತೇದಾರ ಅನುಭವದ ಬಲದಿಂದಲೂ ಮತ್ತೊಬ್ಬರು ಮನೋವಿಜ್ಞಾನದ ಆಧಾರದಿಂದಲೂ ತನಿಖೆ ಮಾಡುವ ವಿಡಿಯೊಗಳೇ ಕೋರ್ಸಿನ ಜೀವಾಳ. ಪ್ರಶ್ನೆಯೊಳಗೇ ಉತ್ತರವನ್ನು ತೂರಿಸಿ ಕೇಳಿದರೆ ಹೇಳಿಕೆ ಹೇಗೆ ವಾಲುತ್ತದೆ ಎಂಬುದು ಅವುಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರುಗಳು ‘ತಾಗಿದಾಗ’ ಎನ್ನುವ ಬದಲು ‘ಅಪ್ಪಳಿಸಿದಾಗ’ ಎಂದು ಕೇಳಿದೊಡನೆ ನೋಡುಗರು ಅಂದಾಜಿಸಿದ ವೇಗವೇ ಏರಿತ್ತು. ಮನೋವಿಜ್ಞಾನಿಗಳಾದ ಫಿಶರ್ ಮತ್ತು ಗೈಸಲ್ಮನ್ ರೂಪಿಸಿದ ‘ಕಾಗ್ನಿಟಿವ್ ಇಂಟರ್‌ವ್ಯೂ’ ಎಂಬ ವಿಚಾರಣಾ ಕ್ರಮ ಇದಕ್ಕೆ ಮದ್ದು: ಘಟನೆಯ ಸ್ಥಳ, ಸದ್ದು, ಆಗಿನ ಮನಃಸ್ಥಿತಿಗಳನ್ನು ಸಾಕ್ಷಿ ಮೊದಲು ಮನಸ್ಸಿಗೆ ತಂದುಕೊಂಡು, ಬಳಿಕ ಯಾರ ಅಡ್ಡಮಾತೂ ಇಲ್ಲದೆ ಎಲ್ಲವನ್ನೂ ಹೇಳಬೇಕು.

ಇದು ಬರಿಯ ಪಾಂಡಿತ್ಯವಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಸಂತ್ರಸ್ತೆಯೇ ದೃಢವಾಗಿ ಗುರುತಿಸಿದ್ದ ರೊನಾಲ್ಡ್ ಕಾಟನ್ ನಿರಪರಾಧಿಯೆಂದು 1995ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸುವಷ್ಟರಲ್ಲಿ ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದರು.

ಪಠ್ಯದ ಚೌಕಟ್ಟು ಬ್ರಿಟಿಷ್ ಪೊಲೀಸ್ ಪದ್ಧತಿಯದು. ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ನಡೆಯುವ ನಮ್ಮ ಗುರುತು ಪತ್ತೆ ಪೆರೇಡ್, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ತಡೆದ 2010ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪು ಇವನ್ನು ನಾವೇ ಜೊತೆಗಿಟ್ಟು ಓದಿಕೊಳ್ಳಬೇಕು. ಕಾನೂನು ವಿದ್ಯಾರ್ಥಿಗಳಿಗೂ ಅಪರಾಧ ವರದಿಗಾರರಿಗೂ ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.