ಮೇಲ್ಮನೆಯ ಮಂತ್ರಿಯನ್ನು ಕೆಳಮನೆ ಕೇಳುವುದು ಹೇಗೆ? ಗಂಗಾವತಿಯಲ್ಲಿ ಆಡಿ ನೋಡಿದ್ದು

ಜನರ ಮುಂದೆ ಚುನಾವಣೆಗೆ ನಿಲ್ಲದೆ ದೊಡ್ಡ ಖಾತೆ ಹಿಡಿದವರನ್ನು ಗೆದ್ದು ಬಂದ ಸದಸ್ಯರು ಪ್ರಶ್ನಿಸುವುದಕ್ಕೆ ಯಾವ ಪದ್ಧತಿ ಮೇಲು? ಗಂಗಾವತಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, ಯುವ ಸಂಸತ್ತಿನ (ವಿದ್ಯಾರ್ಥಿಗಳು ಸಂಸತ್ತಿನ ಕಲಾಪ ಆಡಿ ತೋರಿಸುವ ಸ್ಪರ್ಧೆ) ತಯಾರಿಯಲ್ಲಿ ಒಂದೇ ವಿಷಯವನ್ನು ಬೇರೆ ಬೇರೆ ಪದ್ಧತಿಗಳಲ್ಲಿ ಆಡಿಸಿದೆ. ವಿಷಯ ನಮ್ಮ ಭಾಗದ್ದೇ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ (ಅಣೆಕಟ್ಟಿನ ಮೇಲ್ಭಾಗದಿಂದ ನೀರು ಬಿಡುವ ಗೇಟು) ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು. ಎಡದಂಡೆ ಕಾಲುವೆ ನಂಬಿದ ಮನೆಗಳ ಮಕ್ಕಳೇ ಸದಸ್ಯರಾಗಿದ್ದರು. ಪ್ರಶ್ನೆಗಳನ್ನು ನಾನು ಹೇಳಿಕೊಡಬೇಕಾಗಲಿಲ್ಲ. ನೀರಾವರಿ ಮಂತ್ರಿಯಾದ ವಿದ್ಯಾರ್ಥಿನಿ ಮೇಲ್ಮನೆಯವಳು ಎಂದು ಇಟ್ಟುಕೊಂಡೆವು.

ಮೊದಲು ಬ್ರಿಟನ್ನಿನ ರೀತಿ. 2023ರ ನವೆಂಬರಿನಲ್ಲಿ ಮಾಜಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರನ್ನು ಅಲ್ಲಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಸೇರಿಸಿ ವಿದೇಶಾಂಗ ಮಂತ್ರಿ ಮಾಡಿದರು. ಲಾರ್ಡ್ಸ್ ಸದಸ್ಯರು ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಮಾತಾಡುವಂತಿಲ್ಲ. ಹಾಗಾಗಿ ಗಾಜಾ ಕುರಿತು ಕೇಳಿದರೂ ಉಕ್ರೇನ್ ಕುರಿತು ಕೇಳಿದರೂ ಅಲ್ಲಿ ಎದ್ದು ನಿಲ್ಲುತ್ತಿದ್ದವರು ಅವರ ಕೈಕೆಳಗಿನ ಮಂತ್ರಿ ಆಂಡ್ರ್ಯೂ ಮಿಚೆಲ್. ನಮ್ಮಲ್ಲಿ ಆ ಪಾತ್ರ ಮಾಡಿದ ಹುಡುಗ ಚೆನ್ನಾಗಿಯೇ ಓದಿಕೊಂಡು ಬಂದಿದ್ದ. ಚೈನ್ ಪರೀಕ್ಷೆ ಕೊನೆಗೆ ಯಾವಾಗ ಆಯಿತು ಎಂದು ಕೇಳಿದರೆ, ಅಣೆಕಟ್ಟಿನ ನಿರ್ವಹಣೆ ಕೇಂದ್ರ ಮತ್ತು ರಾಜ್ಯಗಳ ಪ್ರತಿನಿಧಿಗಳಿರುವ ತುಂಗಭದ್ರಾ ಮಂಡಳಿಗೆ ಸೇರಿದ್ದು ಎಂದ. ಅದು ನಿಜವೇ. ಅದರ ಮುಂದಿನ ಪ್ರಶ್ನೆಗೆ, "ಮಂತ್ರಿಗಳ ಗಮನಕ್ಕ ತರ್ತೀನ್ರಿ." ಪಾಪ, ಅವನಾದರೂ ಏನು ಹೇಳಿಯಾನು? ತೀರ್ಮಾನ ಮಾಡಿದವರು ಬೇರೆ, ಉತ್ತರಿಸುವವನು ಬೇರೆ. ಈ ಪದ್ಧತಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

2024ರ ಜನವರಿಯಲ್ಲಿ ಕಾಮನ್ಸ್‌ನ ಕಾರ್ಯವಿಧಾನ ಸಮಿತಿ ಇದಕ್ಕೊಂದು ದಾರಿ ಸೂಚಿಸಿತ್ತು: ಇಂಥ ಮಂತ್ರಿಗಳು ಸಭಾಂಗಣದ ಪ್ರವೇಶದಲ್ಲಿರುವ 'ಬಾರ್' ಎಂಬ ಗೆರೆಯ ಬಳಿ ನಿಂತು ಉತ್ತರ ಕೊಡಲಿ ಎಂದು. ಅಲ್ಲಿನ ಸರ್ಕಾರ ಒಪ್ಪಲಿಲ್ಲ. ನಾವು ಬಾಗಿಲ ಹತ್ತಿರ ಸೀಮೆಸುಣ್ಣದ ಗೆರೆ ಎಳೆದು ಆಡಿದೆವು. ಮಂತ್ರಿಯ ಬಾಯಿಂದಲೇ ಉತ್ತರ ಬಂತು, ಅಷ್ಟು ಲಾಭ. ಆದರೆ ಒಬ್ಬಳನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಕ್ಕೋ ಏನೋ, ಕೇಳುವವರ ದನಿ ಕಟಕಟೆಯಲ್ಲಿದ್ದವರನ್ನು ಕೇಳುವಂತಾಯಿತು; ಆಡಳಿತ ಪಕ್ಷದ ಬೆಂಚು ಗೇಟಿನ ಮಾತು ಬಿಟ್ಟು ಅವಳ ಮಾನ ಕಾಯುವುದಕ್ಕೆ ನಿಂತಿತು.

ನಮ್ಮ ಸಂವಿಧಾನದಲ್ಲಿ ಈ ತೊಡಕೇ ಇಲ್ಲ. 88ನೇ ವಿಧಿಯಂತೆ ಕೇಂದ್ರದ ಮಂತ್ರಿ ಎರಡೂ ಸದನಗಳಲ್ಲಿ ಮಾತಾಡಬಹುದು, ಮತ ಮಾತ್ರ ತನ್ನ ಸದನದಲ್ಲಿ. ರಾಜ್ಯಕ್ಕೆ 177ನೇ ವಿಧಿ. ರಾಜ್ಯಸಭೆಯಲ್ಲಿದ್ದ ಮನಮೋಹನ್ ಸಿಂಗ್ 2008ರ ಜುಲೈನಲ್ಲಿ ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿದರು, ತಾವು ಮತ ಹಾಕುವಂತಿರಲಿಲ್ಲ. ರಾಯಚೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಎನ್.ಎಸ್. ಬೋಸರಾಜು: 2023ರ ಮೇನಲ್ಲಿ ಮಂತ್ರಿಯಾದಾಗ ಅವರು ಯಾವ ಸದನದಲ್ಲೂ ಇರಲಿಲ್ಲ, ಆಮೇಲೆ ವಿಧಾನ ಪರಿಷತ್ತಿಗೆ ಬಂದರು. ಆರು ತಿಂಗಳೊಳಗೆ ಒಂದು ಸದನ ಸೇರಲೇಬೇಕೆಂಬ ನಿಯಮ ಇರುವುದು ಒಳ್ಳೆಯದೇ. ಈ ಪದ್ಧತಿಯಲ್ಲಿ ಆಡಿದಾಗ ಮಂತ್ರಿ ಎಲ್ಲರ ನಡುವೆ ಕೂತು, ಕಡತ ಮುಂದಿಟ್ಟುಕೊಂಡು ಉತ್ತರಿಸಿದಳು. ಗದ್ದಲ ಕಡಿಮೆಯಾಗಿ ವಿಷಯ ಮುಂದೆ ಬಂತು. ಮಂಡಳಿಯ ನೆಪ ಇಲ್ಲೂ ಬಂತು, ಅದನ್ನು ಬಿಡಿಸುವಷ್ಟರಲ್ಲಿ ಪೂರಕ ಪ್ರಶ್ನೆಯ ಅವಕಾಶ ಮುಗಿದಿತ್ತು.

ಆ ನೆಪ ಬಿದ್ದದ್ದು ಸಮಿತಿಯ ಮುಂದೆ. ಬ್ರಿಟನ್ನಿನ ವಿದೇಶಾಂಗ ವ್ಯವಹಾರಗಳ ಸಮಿತಿ ಕ್ಯಾಮರಾನ್ ಅವರನ್ನೇ ಕರೆಸಿ ಪ್ರಶ್ನಿಸಿತ್ತು. ಅದೇ ರೀತಿ ಕೆಲವೇ ಸದಸ್ಯರು ಮೇಜಿನ ಸುತ್ತ ಕೂತರು. ಕಾರಟಗಿ ಕಡೆಯ ಹುಡುಗಿಯೊಬ್ಬಳು ಬಿಡಲೇ ಇಲ್ಲ: "ಮಂಡಳಿ ಸಭೆಗೆ ನಮ್ಮ ಸರ್ಕಾರದಿಂದ ಯಾರು ಹೋಗಿದ್ರು? ಹಳೇ ಚೈನಿನ ಬಗ್ಗೆ ಅವರು ಬರೆದು ಕೊಟ್ರಾ? ನೀವು ಅದನ್ನ ಓದಿದ್ರಾ?" ಮಂತ್ರಿ ಪಾತ್ರದವಳು ಓದಿಲ್ಲ ಎಂದು ಒಪ್ಪಿದಳು. ಇಷ್ಟೆಲ್ಲ ಆಡಿದ್ದರಲ್ಲಿ ಹೊಣೆ ಯಾರದೆಂದು ಖಚಿತವಾದದ್ದು ಅಲ್ಲೊಂದೇ ಕಡೆ.

ಸದನದೊಳಗಿನ ಪ್ರಶ್ನೆಗೆ ನನ್ನ ಮತ ನಮ್ಮ 88ನೇ ವಿಧಿಗೇ. ಆದರೆ ಸಂಸತ್ತಿನ ಇಲಾಖಾವಾರು ಸ್ಥಾಯಿ ಸಮಿತಿಗಳ ಮುಂದೆ ಸಾಕ್ಷ್ಯ ಹೇಳಲು ಬರುವವರು ಕಾರ್ಯದರ್ಶಿ ಮೊದಲಾದ ಅಧಿಕಾರಿಗಳು. ಮಂತ್ರಿಯನ್ನು ಕರೆಸುವ ಪದ್ಧತಿಯಿಲ್ಲ. ಇದು ಬದಲಾಗಲೇಬೇಕು. ಅದಕ್ಕೆ ಸಂವಿಧಾನ ತಿದ್ದಬೇಕಿಲ್ಲ, 118ನೇ ವಿಧಿ ತಮ್ಮ ಕಲಾಪದ ನಿಯಮ ಮಾಡಿಕೊಳ್ಳುವ ಅಧಿಕಾರವನ್ನು ಸದನಗಳಿಗೇ ಕೊಟ್ಟಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಸಂಸದರು ಮೊದಲು ಎತ್ತಬೇಕಾದ ಮಾತು ಇದು.