ಮಡಿಕೇರಿ ಕೋಟೆ ವಾಕಿಂಗ್ ಟೂರ್: 1834ಕ್ಕೆ ಫುಲ್ ಮಾರ್ಕ್ಸ್, 1837ಕ್ಕೆ ಜಸ್ಟ್ ಪಾಸ್

ನಾವು ಸೋಮವಾರಪೇಟೆ ಕಡೆಯವರು. ಮಡಿಕೇರಿ ಕೋಟೆ ನೋಡೋಕೆ ದುಡ್ಡು ಕೊಟ್ಟು ಗೈಡ್ ಯಾಕೆ ಅಂತ ಮನೆಯವರು ನಕ್ಕರು. ಆದರೆ ಸುಳ್ಯದಿಂದ ಅತ್ತಿಗೆಯ ತವರಿನವರು ಬಂದಿದ್ದರು. ರಾಜಾಸೀಟು, ಅಬ್ಬಿ ಫಾಲ್ಸ್ ಎಲ್ಲ ಅವರು ನೋಡಿಯಾಗಿದೆ. ಹೋಂಸ್ಟೇಯವರೊಬ್ಬರು ನಡೆಸುವ ಟೂರ್ ಇದು. ತಲೆಗೆ 500 ರೂಪಾಯಿ. ಕೋಟೆ, ಓಂಕಾರೇಶ್ವರ ದೇವಸ್ಥಾನ, ಗದ್ದುಗೆ (ಕೊಡಗಿನ ರಾಜರ ಸಮಾಧಿ), ಕೊನೆಗೆ ಕಾಫಿ.

ಗೈಡ್ ಹುಡುಗ ಮಾತಿನಲ್ಲಿ ಗಟ್ಟಿಗ. ಗಾರೆ ಆನೆಗಳ ಪಕ್ಕ ನಿಲ್ಲಿಸಿ 1834ರ ಕತೆ ಹೇಳಿದ. ರಾಜ ಚಿಕವೀರರಾಜೇಂದ್ರನಿಗೆ ಹೆದರಿ ತಂಗಿ ದೇವಮ್ಮಾಜಿ ಗಂಡನ ಜೊತೆ ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟನ ಹತ್ತಿರ ಓಡಿದ್ದು, ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಮಡಿಕೇರಿಗೆ ನುಗ್ಗಿದ್ದು, ರಾಜ ಶರಣಾಗಿ ಕಾಶಿ ಸೇರಿದ್ದು. 1852ರಲ್ಲಿ ಮಗಳು ಗೌರಮ್ಮನನ್ನು ಲಂಡನ್‌ಗೆ ಕರೆದುಕೊಂಡು ಹೋಗಿ, ಅಲ್ಲೇ ಕಂಪನಿ ಮೇಲೆ ದುಡ್ಡಿಗಾಗಿ ಕೇಸು ಹಾಕಿದ್ದನ್ನಂತೂ ಆತ ಹೇಳುವಾಗ ಮಕ್ಕಳೂ ಬಾಯಿ ಬಿಟ್ಟು ಕೇಳಿದರು.

'ಜನರೇ ಕಂಪನಿ ಆಳ್ವಿಕೆ ಬೇಕು ಅಂದರು' ಅಂತಲೂ ಹೇಳಿದ. ಅದು ಆಗ ಕಂಪನಿ ಅಧಿಕಾರಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿರುವ ಮಾತು. ಗೆದ್ದವರು ಬರೆದ ಕಾಗದ ಹಾಗೆ ತಾನೇ ಹೇಳೋದು? ಅತ್ತಿಗೆಯ ಅಪ್ಪ ಅಲ್ಲೇ ತಡೆದರು. 'ಹಾಗಾದರೆ ಮೂರೇ ವರ್ಷಕ್ಕೆ ಜನ ಯಾಕಪ್ಪ ತಿರುಗಿಬಿದ್ದರು?'

ಟೂರ್ ಎಡವಿದ್ದು ಇಲ್ಲೇ. 'ಆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಈ ಕೋಟೆಯಲ್ಲೇ ಗಲ್ಲಿಗೇರಿಸಿದರು' ಅಂದ, ಫೋಟೊಗೆ ಟೈಮ್ ಕೊಟ್ಟ. ಅಷ್ಟೇ.

ಉಳಿದದ್ದನ್ನು ಮಾವನೇ (ಅತ್ತಿಗೆಯ ಅಪ್ಪ) ಹೇಳಬೇಕಾಯಿತು. ಅಮರ ಸುಳ್ಯ, ಪುತ್ತೂರು ಕಡೆ ಮೊದಲು ಕೊಡಗಿಗೇ ಸೇರಿತ್ತು. ಕಂಪನಿ ಅದನ್ನು ಕಿತ್ತು ಕೆನರಾ ಜಿಲ್ಲೆಗೆ ಹಾಕಿತು. ಬತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಅಂದಿತು. ಘಟ್ಟದ ಬುಡದ ರೈತ ನಗದು ಎಲ್ಲಿಂದ ತರಬೇಕು? ಕೆದಂಬಾಡಿ ರಾಮಗೌಡರು ಮುಂದೆ ನಿಂತರು. ಪುಟ್ಟಬಸಪ್ಪ ಎಂಬಾತ ತಾನೇ ಕೊಡಗಿನ ರಾಜರ ಹಾಲೇರಿ ಮನೆತನದ ಕಲ್ಯಾಣಸ್ವಾಮಿ (ಕಲ್ಯಾಣಪ್ಪ) ಅಂತ ಹೇಳಿಕೊಂಡ. ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್‌ನಲ್ಲಿ ದಂಡು ಮಂಗಳೂರನ್ನೇ ಹಿಡಿಯಿತು. ಆಳಿದ್ದು 13 ದಿನ ಅಂತ ಸುಳ್ಯದವರ ಲೆಕ್ಕ. ಆಮೇಲೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಪುಟ್ಟಬಸಪ್ಪನಿಗೆ ನೇಣು.

ಗೈಡ್ ಯಾಕೆ ಜಾರಿಕೊಂಡ ಅಂತ ಊಹಿಸೋದು ಕಷ್ಟವಲ್ಲ. ಈ ದಂಗೆ ಅಡಗಿಸಲು ಕಂಪನಿ ಜೊತೆ ನಿಂತವರಲ್ಲಿ ಕೊಡಗಿನವರೇ ಇದ್ದರು. ಅವರಿಗೆ ಕಂಪನಿ ಪದಕ ಕೊಟ್ಟಿತು, ಚಿನ್ನದ್ದೂ ಬೆಳ್ಳಿಯದ್ದೂ. ಒಂದು ಮನೆಗೆ ಪದಕ, ಇನ್ನೊಂದು ಮನೆಗೆ ನೇಣು. ಸುಳ್ಯದಲ್ಲಿ ಇದನ್ನು ಮೊದಲ ಸ್ವಾತಂತ್ರ್ಯ ಸಂಗ್ರಾಮ ಅಂತಾರೆ. 'ಕಲ್ಯಾಣಪ್ಪನ ಕಾಟಕಾಯಿ, ಬರೀ ಲೂಟಿ' ಅನ್ನುವವರೂ ಇದ್ದಾರೆ. ಪ್ರವಾಸಿಗಳ ಮುಂದೆ ಜಗಳ ಯಾಕೆ ಅಂತ ಸುಮ್ನಾಗಿರಬೇಕು. ನನ್ನ ಪ್ರಕಾರ ಎರಡನ್ನೂ ಹೇಳಿಬಿಡಬೇಕು. ಕೇಳುವವರೇ ಜಗಳ ಆಡಿಕೊಳ್ಳಲಿ.

ನಾವು ಆಡಿದೆವು ಕೂಡ, ಕಾಫಿ ಹೊತ್ತಿಗೆ. ಬೆಲ್ಲದ ಕಾಫಿ ಚೆನ್ನಾಗಿತ್ತು, ಪಾಪುಟ್ಟು ಇನ್ನೂ ಚೆನ್ನಾಗಿತ್ತು. ರಾಜ ಹೋದದ್ದೇ ಒಳ್ಳೆಯದಾಯಿತು ಅಂತ ನಮ್ಮವರು, ಬಂದವರು ಇನ್ನೂ ಕೆಟ್ಟವರು ಅಂತ ಮಾವ. ಗೈಡ್ ಮೆಲ್ಲಗೆ ಮಾವನ ಪಕ್ಕ ಕೂತು ಊರುಗಳ ಹೆಸರನ್ನು ಮೊಬೈಲಲ್ಲಿ ಬರೆದುಕೊಂಡ. ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಟ್ಟೆ: ಐದಕ್ಕೆ ನಾಲ್ಕು.

ಬುಕ್ ಮಾಡುವಾಗಲೇ '1837 ಪೂರ್ತಿ ಬೇಕು' ಅಂತ ಹೇಳಿ. ವಯಸ್ಸಾದವರಿದ್ದರೆ ಗದ್ದುಗೆಗೆ ಆಟೋ ಕೇಳಿ. ಅಲ್ಲಿಗೆ ನಡೆಸಿಕೊಂಡೇ ಹೋಗುತ್ತಾರೆ, ಮಾವನ ಮಂಡಿ ಇನ್ನೂ ನೋಯುತ್ತಿದೆಯಂತೆ.